ಗೋಡೆ ನೋಡಿ ಮಾನಿಟರ್ ಆರಿಸಿದ್ದು

ಯಾವ ಆಫೀಸಿಗೆ ಹೋದರೂ, ಯಾವ ಅಂಗಡಿಗೆ ಹೋದರೂ, ಅಲ್ಲೊಂದು ಕಂಪ್ಯೂಟರ್ ಕಂಡರೆ ನಾನು ಮೊದಲು ನೋಡುವುದು ಅದರ ಪಕ್ಕದ ಗೋಡೆಯನ್ನು. ಬ್ಯಾಂಕಿನಲ್ಲಿ ಒಮ್ಮೆ ಹೀಗೆ ಗೋಡೆಯನ್ನೇ ದಿಟ್ಟಿಸುತ್ತ ನಿಂತಿದ್ದಾಗ ಕೌಂಟರಿನಾಕೆ ಹಲ್ಲಿಯೋ ಜೇಡವೋ ಇರಬೇಕೆಂದು ಕುರ್ಚಿ ಬಿಟ್ಟು ಎದ್ದಿದ್ದಳು. ಈ ಅಭ್ಯಾಸ ಎಲ್ಲಿಂದ ಅಂಟಿತು ಎಂದು ಕೇಳಿದವರಿಗೆಲ್ಲ ಏನೋ ಒಂದು ಹೇಳಿ ಜಾರಿಕೊಂಡಿದ್ದೇನೆ. ನಿಮಗೆ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ನನ್ನ ಇನ್ನೊಂದು ಚಟವನ್ನು ಒಪ್ಪಿಕೊಳ್ಳಬೇಕು. ನನಗೆ ಗೇಮಿನ ಹುಚ್ಚು. ಚದುರಂಗ, ಚೌಕಾಬಾರ ಅಂದುಕೊಳ್ಳಬೇಡಿ. ಕಂಪ್ಯೂಟರಿನೊಳಗೆ ಕಾರು ಓಡಿಸುವ ಗೇಮು.

ಇದು ಶುರುವಾಗಿದ್ದು ತೊಂಬತ್ತರ ದಶಕದಲ್ಲಿ. ನಾನು ಸಿದ್ದಾಪುರದ ಕಡೆಯವಳು. ಶಿರಸಿಯಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿಯಿತ್ತು. ಬಾಗಿಲಿಗೆ ಹಸಿರು ಪರದೆ, ಒಳಗಿನಿಂದ ಗುಂಯ್‌ಗುಂಯ್ ಸದ್ದು. ಹುಡುಗರು ಹೋಗುವಾಗ ಬರುವಾಗ ಪರದೆ ಅರೆಗಳಿಗೆ ಸರಿಯುತ್ತಿತ್ತು. ಆಗ ಕಂಡಷ್ಟೇ ನನ್ನ ಪಾಲು. ಒಂದು ದಿನ ಧೈರ್ಯ ಮಾಡಿ ಒಳಗೆ ಕಾಲಿಟ್ಟೆ. ಅಂಗಡಿಯವನು ತಲೆಯೆತ್ತಿ, "ಎಂತ ತಂಗಿ, ಅಣ್ಣನ್ನ ಕರೀಲಿಕ್ಕೆ ಬಂದ್ಯಾ?" ಎಂದ. ನಾನು "ಹೌದು" ಎಂದೆ. ಅಲ್ಲಿದ್ದ ಹುಡುಗರ ಮುಖವನ್ನೆಲ್ಲ ಒಂದೊಂದಾಗಿ ನೋಡಿ, "ಇಲ್ಲಿಲ್ಲ" ಎಂದು ಗಂಭೀರವಾಗಿ ಹೇಳಿ ಹೊರಗೆ ಬಂದೆ. ನನಗೆ ಅಣ್ಣನೇ ಇಲ್ಲ.

ಹತ್ತು ವರ್ಷ ಕಳೆದ ಮೇಲೆ ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರಾದೆ. ಮದುವೆಯಾಗಿರಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಮನೆಗಳಿದ್ದ ಕಟ್ಟಡದಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆ. ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಹಳೆಯ ಕಂಪ್ಯೂಟರ್ ಕೊಂಡೆ. ಪ್ರಶ್ನೆಪತ್ರಿಕೆ ತಯಾರಿಸಲು ಎಂದು ಎಲ್ಲರಿಗೂ ಹೇಳಿದೆ. ಪ್ರಶ್ನೆಪತ್ರಿಕೆಗಳನ್ನೂ ತಯಾರಿಸುತ್ತಿದ್ದೆ ಅನ್ನಿ, ವರ್ಷಕ್ಕೆ ಮೂರು. ಉಳಿದ ಸಂಜೆಗಳಲ್ಲೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಕಾರು ಓಡಿಸುತ್ತಿದ್ದೆ.

ಪಕ್ಕದ ಮನೆಯಲ್ಲಿ ಖಾದರ್ ಭಾಯಿ ಮತ್ತು ಅವರ ಹೆಂಡತಿ ಶಮೀಮಕ್ಕ ಇದ್ದರು. ಮಕ್ಕಳಿರಲಿಲ್ಲ. ಖಾದರ್ ಭಾಯಿ ತಮ್ಮ ಟೆಂಪೋದಲ್ಲಿ ನಂದೊಳ್ಳಿ, ಉಮ್ಮಚಗಿ ಕಡೆಯ ಮಕ್ಕಳನ್ನು ನಮ್ಮ ಶಾಲೆಗೆ ಕರೆತಂದು ಮರಳಿ ಬಿಡುತ್ತಿದ್ದರು. ಇಪ್ಪತ್ತೆರಡು ವರ್ಷದ ಡ್ರೈವಿಂಗು. ಒಂದು ಸೈಕಲ್ಲಿಗೂ ತಾಗಿಸಿದವರಲ್ಲ ಎಂದು ಊರೇ ಹೇಳುತ್ತಿತ್ತು. ಐವತ್ತು ದಾಟಿದ ಮನುಷ್ಯ, ಮಕ್ಕಳನ್ನು ಬೈಯುವುದಕ್ಕೂ ಬಹುವಚನ ಬಳಸುತ್ತಿದ್ದರು: "ಕೈ ಒಳಗೆ ತಗೊಳ್ರಿ ಸಾಹೇಬ್ರೇ."

ನನ್ನ ಗುಟ್ಟು ರಟ್ಟು ಮಾಡಿದ್ದು ಶಮೀಮಕ್ಕ. ಒಂದು ಸಂಜೆ ಒಂದು ತಟ್ಟೆ ಶಾವಿಗೆ ಹಿಡಿದು ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

"ಅಲ್ಲ ಟೀಚರ್ರೇ, ದಿನಾ ಸಂಜೆ ನೀವು ಮಿಕ್ಸಿಯಲ್ಲಿ ಎಂತ ರುಬ್ತೀರಿ ಅಂತ ನಾ ತಲೆ ಕೆಡಿಸ್ಕೊಂಡಿದ್ದೆ. ಇದಾ!"

ಖಾದರ್ ಭಾಯಿಗೂ ಸುದ್ದಿ ಮುಟ್ಟಿತು. ಅವರು ಬಂದು, ನಾನು ತಿರುವಿನಲ್ಲಿ ಕಾರನ್ನು ಗುದ್ದಿಸುವುದನ್ನು ಹಿಂದೆ ನಿಂತು ನೋಡಿ, "ಬ್ರೇಕ್ ಅಂತ ಒಂದು ಇಟ್ಟಿರ್ತಾರಲ್ಲ ಟೀಚರ್ರೇ, ಅದು ಇದ್ರಲ್ಲಿ ಇಲ್ವಾ?" ಎಂದು ಬಹಳ ವಿನಯದಿಂದ ಕೇಳಿದರು.

ಆ ಹಳೆಯ ಮಾನಿಟರ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಸಿರಾಗತೊಡಗಿತು. ರಸ್ತೆ ಹಸಿರು, ಆಕಾಶ ಹಸಿರು, ಎದುರಿನ ಕಾರೂ ಹಸಿರು. ಹೊಸದು ಬೇಕೆಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಕಣ್ಣು ಕಾಣ್ತಿಲ್ಲೆ ಹೇಳಿ ಜನ ಕನ್ನಡಕ ಬದ್ಲು ಮಾಡ್ತ. ನೀನೊಬ್ಳು ಟಿವಿನೇ ಬದ್ಲು ಮಾಡವು ಹೇಳ್ತೆ," ಎಂದಳು ಅಮ್ಮ. ಮಾನಿಟರಿಗೂ ಟಿವಿಗೂ ಇರುವ ವ್ಯತ್ಯಾಸ ಅವಳಿಗೆ ಬೇಕಿರಲಿಲ್ಲ.

ನಾನು ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ಪತ್ರಿಕೆ ತರಿಸಿ ಪರೀಕ್ಷೆಗೆ ಓದುವವಳ ಹಾಗೆ ಓದಿದೆ. ಮಾನಿಟರ್‌ಗಳ ಲೋಕದಲ್ಲೂ ಮೇಲಿನವರು, ಕೆಳಗಿನವರು, ನಡುವಿನವರು ಇದ್ದರು. ತೀರ ಅಗ್ಗದ್ದು ಹದಿನೈದು ಇಂಚಿನ, ಹೊಟ್ಟೆ ಉಬ್ಬಿದ ಗಾಜಿನದು. ಮೇಲಿನದು ಆಗಷ್ಟೇ ಬಂದಿದ್ದ ತೆಳುವಾದ ಎಲ್‌ಸಿಡಿ. ನಡುವೆ ಹದಿನೇಳು ಇಂಚಿನ, ಚಪ್ಪಟೆ ಗಾಜಿನ, ಹಿಂದೆ ಭಾರೀ ಬೆನ್ನಿರುವ ಮಾನಿಟರ್. ನನ್ನ ಸಂಬಳಕ್ಕೆ ನಡುವಿನದೇ ಸರಿ. ಎಲ್‌ಸಿಡಿಗೂ ಎಳೆದಾಡಿದರೆ ಎಟುಕೀತು. ಆ ಪತ್ರಿಕೆಯಲ್ಲಿ ಒಂದು ಉಪಾಯ ಕೊಟ್ಟಿದ್ದರು. ದಪ್ಪ ಮಾನಿಟರ್‌ಗಳ ಚಿತ್ರ ನಮಗೆ ತಿಳಿಯದ ಹಾಗೆ ನಡುಗುತ್ತಿರುತ್ತದಂತೆ. ನೇರ ನೋಡಿದರೆ ಗೊತ್ತಾಗುವುದಿಲ್ಲ. ಪಕ್ಕದ ಗೋಡೆ ನೋಡುತ್ತ, ಕಡೆಗಣ್ಣಿನಲ್ಲಿ ಪರದೆಯನ್ನು ಗಮನಿಸಿದರೆ ನಡುಕ ಕಾಣುತ್ತದೆ. ನಡುಗದ ಮಾನಿಟರನ್ನೇ ಕೊಳ್ಳಬೇಕು, ಇಲ್ಲದಿದ್ದರೆ ಗೇಮು ಆಡಿ ತಲೆನೋವು ಬರುತ್ತದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಖಾದರ್ ಭಾಯಿ ಟೆಂಪೋ ತೋರಿಸಲು ಶಿರಸಿಯ ಗ್ಯಾರೇಜಿಗೆ ಹೊರಟಿದ್ದರು. ನಾನೂ ಹತ್ತಿದೆ. ಉಮ್ಮಚಗಿ ದಾಟಿದ ಮೇಲೆ ಎಡಗಡೆಯ ಮಣ್ಣುರಸ್ತೆಯಿಂದ ಒಂದು ಬೈಕು ಬರುವುದು ನನಗೆ ದೂರದಿಂದಲೇ ಕಂಡಿತು. ಖಾದರ್ ಭಾಯಿಗೂ ಕಂಡಿರುತ್ತದೆ ಅಂದುಕೊಂಡೆ. ಅದು ಟೆಂಪೋದ ಮೂತಿಯ ಮುಂದೆಯೇ ಬಂದಾಗ ಅವರು ಬ್ರೇಕ್ ಒತ್ತಿದ ರಭಸಕ್ಕೆ ನನ್ನ ಹಣೆ ಗಾಜಿಗೆ ಬಡಿಯುವುದೊಂದು ಬಾಕಿ.

"ಎಲ್ಲಿಂದ ಬಂದ್ನೋ ಇವ! ನೆಲದಿಂದ ಎದ್ದ ಹಾಗೆ ಬರ್ತಾವೆ ಈಗಿನ ಹುಡುಗ್ರು," ಎಂದರು. ನಾನೂ ಆ ಹುಡುಗನನ್ನೇ ಬೈದೆ.

ಶಿರಸಿಯ ಕಂಪ್ಯೂಟರ್ ಅಂಗಡಿಯ ಗಣಪತಣ್ಣ ನಮ್ಮ ಸಿದ್ದಾಪುರದ ಕಡೆಯವನೇ. ಮೂರೂ ಮಾನಿಟರನ್ನು ಸಾಲಾಗಿ ಇಟ್ಟು ನಾನು ತಂದಿದ್ದ ಗೇಮಿನ ಸಿಡಿ ಹಾಕಿಕೊಟ್ಟ. ಎಲ್‌ಸಿಡಿ ನೋಡಲು ಬಲು ಚಂದ, ಆದರೆ ಕಾರು ತಿರುಗಿದೊಡನೆ ಹಿಂದೆ ನೆರಳಿನ ಹಾಗೆ ಒಂದು ಬಾಲ ಎಳೆದುಕೊಂಡು ಬರುತ್ತಿತ್ತು.

"ಇದೆಂತ ಗಣಪತಣ್ಣ, ಬಾಲ ಬತ್ತಲ?"

"ಅದು ಪ್ರಶ್ನೆಪತ್ರಿಕೆಗೆ ಬತ್ತಿಲ್ಲೆ ತಂಗಿ. ನಿಂಗೆ ಬೇಕಾಗಿದ್ದು ಪ್ರಶ್ನೆಪತ್ರಿಕೆಗಲ್ದಾ?" ಎಂದು ಅವನು ಮೀಸೆಯಡಿಯಲ್ಲೇ ನಕ್ಕ.

ಅಷ್ಟರಲ್ಲಿ ಖಾದರ್ ಭಾಯಿ ಗ್ಯಾರೇಜು ಮುಗಿಸಿ ಬಂದರು. ನಿಜವಾದ ಡ್ರೈವರೇ ಬಂದಿದ್ದಾರೆ, ಇವರೇ ಹೇಳಲಿ ಎಂದು ಕುರ್ಚಿ ಬಿಟ್ಟುಕೊಟ್ಟೆ. ಬಾಣದ ಗುರುತಿನ ಕೀಲಿಗಳನ್ನು ತೋರಿಸಿದೆ. ಅವರು ಮೊದಲು ಎಲ್‌ಸಿಡಿಯಲ್ಲಿ, ಆಮೇಲೆ ಹದಿನೇಳಿಂಚಿನದರಲ್ಲಿ ಓಡಿಸಿದರು. ಎರಡರಲ್ಲೂ ಅಕ್ಕಪಕ್ಕದಿಂದ ಬಂದ ಕಾರುಗಳಿಗೆಲ್ಲ ಢಿಕ್ಕಿ. ಅಂಗಡಿಯಲ್ಲಿದ್ದವರಿಗೆ ನಗು. ಕೊನೆಗೆ ಆ ಅಗ್ಗದ, ಹೊಟ್ಟೆ ಉಬ್ಬಿದ ಪುಟ್ಟ ಮಾನಿಟರಿನ ಮುಂದೆ ಕೂತರು. ಅಲ್ಲಿ ಢಿಕ್ಕಿಗಳು ಕಡಿಮೆಯಾದವು.

"ಇದೇ ತಗೊಳ್ರಿ ಟೀಚರ್ರೇ. ಇದ್ರಲ್ಲಿ ರಸ್ತೆ ಪೂರಾ ಕಾಣ್ತದೆ. ಆ ದೊಡ್ಡದ್ರಲ್ಲಿ ಗಾಡಿಗಳು ಸುಮ್ಮನೆ ಎಲ್ಲಿಂದಲೋ ಹಾರಿ ಬರ್ತಾವೆ."

ದೊಡ್ಡದಕ್ಕಿಂತ ಸಣ್ಣದರಲ್ಲಿ ಹೆಚ್ಚು ಕಾಣುವುದೆಂದರೇನು? ಮೂರರಲ್ಲೂ ಓಡುತ್ತಿದ್ದುದು ಒಂದೇ ಗೇಮು, ಒಂದೇ ರಸ್ತೆ. ಗಣಿತದ ಟೀಚರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದರೂ ನಕ್ಕು, "ಇರಿ, ಇದನ್ನೊಂದು ನೋಡಿಬಿಡೋಣ" ಎಂದು ಪತ್ರಿಕೆಯ ಉಪಾಯ ತೆಗೆದೆ. ಹದಿನೇಳಿಂಚಿನದರ ಪಕ್ಕದ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿತ್ತು. ನಾನು ಅದನ್ನು ನೋಡುತ್ತ ನಿಂತೆ. ಕಡೆಗಣ್ಣಿನಲ್ಲಿ ಪರದೆ ಸಣ್ಣಗೆ ಪಟಪಟಿಸಿತು. ಗಣಪತಣ್ಣನೂ ನೋಡಿ, "ಹೌದಲೇ, ನಡುಗ್ತು!" ಎಂದು ಬೆರಗಾದ. ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಏನೋ ಅಂಕಿ ಏರಿಸಿದ, ನಡುಕ ನಿಂತಿತು. ಮತ್ತೆ ಇಳಿಸಿದ, ಮತ್ತೆ ನಡುಕ. ಖಾದರ್ ಭಾಯಿಯನ್ನೂ ನಿಲ್ಲಿಸಿದೆವು.

"ಏನೂ ನಡುಗಲ್ಲ," ಎಂದರು.

"ಪರದೆ ನೋಡಬೇಡಿ ಭಾಯಿ. ಕ್ಯಾಲೆಂಡರ್ ನೋಡಿ."

"ಕ್ಯಾಲೆಂಡರೇ ನೋಡ್ತಾ ಇದ್ದೀನಿ."

"ಹಾಗೇ ನೋಡ್ತಾ ಹೇಳಿ, ಪರದೆ ನಡುಗ್ತಿದೆಯಾ?"

"ಕ್ಯಾಲೆಂಡರ್ ನೋಡಿದ್ರೆ ಪರದೆ ಹೆಂಗೆ ಕಾಣ್ತದೆ ಟೀಚರ್ರೇ? ಅದೆಲ್ಲೋ ಇದು ಎಲ್ಲೋ."

ಪರದೆ ಕ್ಯಾಲೆಂಡರಿನಿಂದ ಒಂದು ಮೊಳ ದೂರದಲ್ಲಿತ್ತು. ನಾನು ಪರದೆಯ ಮುಂದೆ ಕೈಯಾಡಿಸಿದೆ. ಅವರು ಕ್ಯಾಲೆಂಡರ್ ನೋಡುತ್ತಲೇ ಇದ್ದರು. ಕೈಯನ್ನು ಕ್ಯಾಲೆಂಡರಿನ ಕಡೆಗೆ ಮೆಲ್ಲಗೆ ತಂದೆ. ಅಂಚಿಗೆ ಇನ್ನೇನು ತಾಗಬೇಕು ಅನ್ನುವಾಗ, "ಹಾಂ, ಕೈ ಯಾಕೆ ಅಡ್ಡ ಹಿಡೀತೀರಿ?" ಎಂದರು. ನಗುತ್ತಿದ್ದ ಗಣಪತಣ್ಣ ನನ್ನ ಮುಖ ನೋಡಿ ನಗು ನಿಲ್ಲಿಸಿದ.

ನಾನು ಮಾನಿಟರ್ ಕೊಳ್ಳಲಿಲ್ಲ. ಮುಂದಿನ ವಾರ ಬರುತ್ತೇನೆಂದು ಹೇಳಿ ಟೆಂಪೋ ಹತ್ತಿದೆ. ಹತ್ತಬಾರದಿತ್ತೋ ಏನೋ. ಆ ದಾರಿಯುದ್ದಕ್ಕೂ ರಸ್ತೆಯ ಎರಡೂ ಬದಿಯಲ್ಲಿದ್ದುದನ್ನೆಲ್ಲ ನಾನು ಸುಮ್ಮಸುಮ್ಮನೆ ಗಟ್ಟಿಯಾಗಿ ಹೇಳುತ್ತ ಬಂದೆ: "ಓ ಅಲ್ಲಿ ಆಕಳು", "ಬಲಗಡೆ ಸೈಕಲ್ಲು ನೋಡಿ, ಎಷ್ಟು ಹೊರೆ ಹೇರಿದ್ದಾನೆ." ಖಾದರ್ ಭಾಯಿ, "ಇವತ್ತು ಟೀಚರ್ರಿಗೆ ಮಾತು ಜಾಸ್ತಿ," ಎಂದು ನಕ್ಕರು. ಆ ರಸ್ತೆಯ ಪ್ರತಿ ತಿರುವೂ ಅವರಿಗೆ ಬಾಯಿಪಾಠ. ಕಣ್ಣು ಬಿಟ್ಟುಕೊಟ್ಟದ್ದನ್ನು ನೆನಪು ತುಂಬಿಕೊಡುತ್ತಿತ್ತು. ನೆನಪಿನಲ್ಲಿ ಇಲ್ಲದ್ದು ಅಡ್ಡ ಬಂದರೆ ಮಾತ್ರ ನೆಲದಿಂದ ಎದ್ದ ಹಾಗೆ ಬರುತ್ತಿತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಕ್ಲಾಸಿನಲ್ಲಿ ನಲವತ್ತು ಮಕ್ಕಳ ಮುಂದೆ ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆಯಲು ಒಂದು ಕ್ಷಣ ಯೋಚಿಸದವಳು, ಒಬ್ಬ ಮನುಷ್ಯನಿಗೆ ನಿಮ್ಮ ಕಣ್ಣು ಸರಿಯಿಲ್ಲ ಎನ್ನಲು ಒಂದು ಇಡೀ ದಿನ ಹೆದರಿದೆ. ನಾನು ಡಾಕ್ಟರಲ್ಲ, ನನಗೇನು ಗೊತ್ತು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಸೋಮವಾರದ ಬೆಳಗು ಕಣ್ಣಮುಂದೆ ಬರತೊಡಗಿತು. ಟೆಂಪೋ ತುಂಬ ಮಕ್ಕಳು. ಅವರಲ್ಲಿ ಐದಾರು ಜನ ನನ್ನ ಕ್ಲಾಸಿನವರೇ.

ಶಮೀಮಕ್ಕ ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುತ್ತಿದ್ದರು. ನಾನು ಹೇಳಿ ಮುಗಿಸಿದಾಗ ಕೈಯಲ್ಲಿದ್ದ ಬಟ್ಟೆಯನ್ನು ಮತ್ತೆ ಬಕೆಟ್ಟಿಗೆ ಹಾಕಿದರು.

"ಊಟಕ್ಕೆ ಕೂತ್ರೆ ಪಕ್ಕದ ನೀರಿನ ಲೋಟ ದಿನಾ ಉರುಳಿಸ್ತಾರೆ. ಬಾಗಿಲಿನ ಚೌಕಟ್ಟಿಗೆ ಭುಜ ಬಡೀತಾರೆ. ಗಮನ ಎಲ್ಲಿದೆ ನಿಮ್ದು ಅಂತ ನಾನು ಬೈತಾ ಇದ್ದೆ ಟೀಚರ್ರೇ. ಎರಡು ವರ್ಷದಿಂದ ಬೈತಾ ಇದ್ದೀನಿ."

ಖಾದರ್ ಭಾಯಿ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ತೊದಲಿಕೊಂಡು ಹೇಳಿದೆ. ಅವರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿದ್ದು ಆ ಒಂದೇ ಸಲ.

"ಆ ಗುಡ್ಡದ ಮೇಲಿರೋ ಬೋರ್ಡು ಓದ್ಲಾ? ಆ ಕರೆಂಟ್ ಕಂಬದ ನಂಬರ್ ಹೇಳ್ಲಾ? ನಿಮ್ಮ ಆಟದ ಪೆಟ್ಟಿಗೇಲಿ ಗುದ್ದಿಸಿದೆ ಅಂತ ನನ್ನ ಕಣ್ಣು ಹೋಗಿದೆ ಅಂತೀರಾ?" ಎಂದವರೇ ಕಂಬದ ನಂಬರನ್ನು ಓದಿಯೂ ಬಿಟ್ಟರು. ಸರಿಯಾಗಿತ್ತು. ಹತ್ತಿರ ಹೋಗಿ ನೋಡಿ ನಾನು ಖಾತ್ರಿ ಮಾಡಿಕೊಳ್ಳಬೇಕಾಯಿತು. ಕನ್ನಡಕ ಹಾಕಿಕೊಂಡ ನನಗೇ ಅದು ಕಂಡಿರಲಿಲ್ಲ.

"ಒಂದೇ ಸಲ, ನನ್ನ ಮೂಗು ನೋಡ್ತಾ ಕೂತ್ಕೊಳ್ಳಿ ಭಾಯಿ," ಎಂದೆ. "ಶಮೀಮಕ್ಕ ಪಕ್ಕದಿಂದ ಕೈ ಆಡಿಸ್ತಾರೆ. ಕಂಡ ಕೂಡ್ಲೇ ಹೇಳಿ."

ಒಲ್ಲದ ಮನಸ್ಸಿನಿಂದ ಕೂತರು. ಶಮೀಮಕ್ಕ ಪಕ್ಕದಲ್ಲಿ ನಿಂತು ಕೈಯಾಡಿಸಿದರು. "ಕಂಡಿತು," ಎಂದರು ಖಾದರ್ ಭಾಯಿ. ಇನ್ನೊಂದು ಪಕ್ಕಕ್ಕೆ ಹೋಗಿ ಆಡಿಸಿದರು. "ಕಂಡಿತು." ನನ್ನ ಎದೆ ಹಗುರಾಯಿತು. ನಾನೇ ತಪ್ಪು, ಪತ್ರಿಕೆಯೇ ತಪ್ಪು. ಆದರೆ ಶಮೀಮಕ್ಕ ನಿಂತಲ್ಲೇ ನಿಂತು ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಎರಡೂ ಕೈಯ ಗಲಗಲಿಸುವ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಮಡಿಲಿಗೆ ಹಾಕಿದರು.

ಮತ್ತೆ ಪಕ್ಕಕ್ಕೆ ಹೋಗಿ ಕೈಯಾಡಿಸತೊಡಗಿದರು. ಖಾದರ್ ಭಾಯಿ ನನ್ನ ಮೂಗನ್ನೇ ನೋಡುತ್ತಿದ್ದರು.

"ಆಡಿಸು ಮತ್ತೆ," ಎಂದರು ಅವರು. "ಯಾಕೆ ಸುಮ್ನೆ ನಿಂತೆ?"

ಶಮೀಮಕ್ಕನ ಕೈ ಆಡುತ್ತಲೇ ಇತ್ತು. ಆ ಕೈಯನ್ನು ಹಾಗೇ ಚಾಚಿ ಗಂಡನ ಭುಜದ ಮೇಲಿಟ್ಟರು. ಖಾದರ್ ಭಾಯಿ ಬೆಚ್ಚಿಬಿದ್ದರು. ಚಹಾದ ಮೇಲೆ ಕೆನೆ ಕಟ್ಟಿತು.

ಸೋಮವಾರ ಬೆಳಿಗ್ಗೆ ಟೆಂಪೋ ಓಡಿಸಿದ್ದು ಅವರ ಪರಿಚಯದ ಇನ್ನೊಬ್ಬ ಡ್ರೈವರ್. ನಾನು ರಜೆ ಹಾಕಿದೆ. ಮೂವರೂ ಬಸ್ಸು ಹತ್ತಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಬಳಿ ಹೋದೆವು. ಅಕ್ಷರದ ಪಟ್ಟಿಯ ತೀರ ಕೆಳಗಿನ ಸಾಲನ್ನೂ ಖಾದರ್ ಭಾಯಿ ತಡವರಿಸದೆ ಓದಿದರು. ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಸುತ್ತಲಿನ ನೋಟವನ್ನು ಅಂಚಿನಿಂದ ಒಳಗೆ ಒಳಗೆ ತಿನ್ನುತ್ತ ಬಂದಿದೆ, ಕಡಿಮೆಯೆಂದರೂ ಎರಡು ವರ್ಷವಾಗಿರಬೇಕು ಎಂದರು ಡಾಕ್ಟರ್. ಗ್ಲಾಕೋಮಾ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ. ಹೋದದ್ದು ಬರುವುದಿಲ್ಲ, ದಿನಾ ಔಷಧಿಯ ಹನಿ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ, ಗಾಡಿ ಮಾತ್ರ ಇನ್ನು ಮುಟ್ಟುವಂತಿಲ್ಲ. ಇನ್ನೊಂದು ವರ್ಷ ತಡವಾಗಿದ್ದರೆ, ಎಂದು ಡಾಕ್ಟರ್ ಶುರು ಮಾಡಿ ಶಮೀಮಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮರಳುವ ಬಸ್ಸಿನಲ್ಲಿ ಖಾದರ್ ಭಾಯಿ ಕೇಳಿದ್ದು ಒಂದೇ ಮಾತು. "ಎರಡು ವರ್ಷ ಅಂದ್ರು ಅಲ್ವಾ? ಆ ಎರಡು ವರ್ಷ ಮಕ್ಕಳು ನನ್ನ ಹಿಂದೆ ಕೂತಿದ್ರು."

ಮುಂದೆ ಅವರು ಮಾಡಿದ್ದನ್ನು ನಾನಾಗಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಕಣ್ಣಿಗೆ ಏನೋ ಆಪರೇಷನ್ನು ಎಂದು ಹೇಳಿ ಡ್ರೈವರನ್ನು ಬದಲಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಮಕ್ಕಳ ಮನೆಮನೆಗೆ ಹೋದರು. ಶಮೀಮಕ್ಕನ ಒತ್ತಾಯಕ್ಕೆ ಕೆಲವು ಮನೆಗಳಿಗೆ ನಾನೂ ಜೊತೆಗೆ ಹೋದೆ. ಅಂಗಳದಲ್ಲಿ ನಿಂತು ಅವರು ಹೇಳುತ್ತಿದ್ದುದು ಇಷ್ಟೇ: "ನನಗೆ ಅಕ್ಕಪಕ್ಕ ಕಾಣ್ತಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಅದೇ ಕಣ್ಣಲ್ಲಿ ನಿಮ್ಮ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೆ. ತಪ್ಪಾಯ್ತು."

ನಂದೊಳ್ಳಿಯಲ್ಲಿ ಒಬ್ಬ ಅಪ್ಪ ಬಾಯಿಗೆ ಬಂದ ಹಾಗೆ ಬೈದರು. "ಏನಾದ್ರೂ ಆಗಿದ್ರೆ ಎಂತ ಮಾಡ್ತಿದ್ದೆ?" ಎಂದು ಮೂರು ಸಲ ಕೇಳಿದರು. ಖಾದರ್ ಭಾಯಿ ಮೂರು ಸಲವೂ ತಲೆ ತಗ್ಗಿಸಿದರು. ಆ ಮನೆಯ ಹುಡುಗಿ ಮರುದಿನದಿಂದ ಬಸ್ಸಿಗೆ ಬರತೊಡಗಿದಳು. ಆ ಅಪ್ಪನದೂ ತಪ್ಪೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಉಮ್ಮಚಗಿಯ ಒಂದು ಮನೆಯಲ್ಲಿ ಹುಡುಗನ ಅಜ್ಜಿ ಎಲ್ಲ ಕೇಳಿಸಿಕೊಂಡು, ನನ್ನ ಕಡೆ ತಿರುಗಿ, "ಅಲ್ದೇ, ಅಂವ ಹೇಳದೇ ಇದ್ದಿದ್ರೆ ಯಂಗೊಕ್ಕೆ ಗೊತ್ತೇ ಆಗ್ತಿತ್ತಿಲ್ಲೆ ಅಲ್ದಾ?" ಎಂದು ಕೇಳಿದರು. ಹೌದೆಂದೆ. "ಹಂಗಾರೆ ಗಾಡೀಲಿ ಅಂವ ಇರ್ಲಿ. ಓಡ್ಸದು ಬೇಡ, ಮಕ್ಕಳನ್ನ ಹತ್ತಿಸದು ಇಳ್ಸದು ಮಾಡ್ಲಿ," ಎಂದು ತೀರ್ಮಾನ ಕೊಟ್ಟು, ಇಬ್ಬರಿಗೂ ಮಜ್ಜಿಗೆ ತಂದಿಟ್ಟರು.

ಹಾಗೆಯೇ ಆಯಿತು. ಹೊಸ ಡ್ರೈವರ್ ಸ್ಟೇರಿಂಗ್ ಹಿಡಿದ. ಖಾದರ್ ಭಾಯಿ ಬಾಗಿಲ ಬಳಿ ಕೂತು ಒಬ್ಬೊಬ್ಬರನ್ನೇ ಕೈಹಿಡಿದು ಇಳಿಸತೊಡಗಿದರು, ಇಳಿಸುವ ಮುಂಚೆ ಕತ್ತನ್ನು ಪೂರ್ತಿ ಎಡಕ್ಕೂ ಪೂರ್ತಿ ಬಲಕ್ಕೂ ತಿರುಗಿಸಿ ನೋಡುತ್ತ. ಮೊದಮೊದಲು ಸ್ಟ್ಯಾಂಡಿನಲ್ಲಿ ಉಳಿದ ಡ್ರೈವರುಗಳು "ಬರ್ರಿ ಕ್ಲೀನರ್ ಸಾಹೇಬ್ರೆ" ಎಂದು ಛೇಡಿಸಿದರಂತೆ. ಆ ದಿನ ಅವರು ಮನೆಗೆ ಬಂದು ಊಟ ಮಾಡಲಿಲ್ಲ ಎಂದು ಶಮೀಮಕ್ಕ ಹೇಳಿದರು. ಮರುದಿನ ಮತ್ತೆ ಹೋದರು.

ಈ ಗದ್ದಲದಲ್ಲಿ ನನ್ನ ಮಾನಿಟರ್ ಮೂಲೆಗೆ ಬಿತ್ತು. ಹಸಿರು ರಸ್ತೆಯ ಮುಂದೆ ಕೂರಲು ಮನಸ್ಸೂ ಬರುತ್ತಿರಲಿಲ್ಲ. ಎರಡು ತಿಂಗಳು ಕಳೆದ ಮೇಲೆ ಖಾದರ್ ಭಾಯಿಯೇ ಕೇಳಿದರು. "ಯಾಕೆ ಟೀಚರ್ರೇ, ಮಿಕ್ಸಿ ಸದ್ದೇ ಇಲ್ಲ? ನನ್ನ ಕಣ್ಣು ಹಿಡಿದ ಮಾನಿಟರ್ ಅದು, ಬೇರೆಯವ್ರು ತಗೊಂಡು ಹೋದಾರು. ನಡೀರಿ."

ಬಸ್ಸಿನಲ್ಲಿ ಹೋಗಿ ಹದಿನೇಳಿಂಚಿನದನ್ನೇ ತಂದೆವು. ಎಲ್‌ಸಿಡಿಯ ಬಾಲ ನನಗೆ ಹಿಡಿಸಿರಲಿಲ್ಲ, ಸಣ್ಣದಕ್ಕೆ ಇಳಿಯಲು ಆಸೆ ಬಿಡಲಿಲ್ಲ. ಆ ದಪ್ಪ ಪೆಟ್ಟಿಗೆ ತೂಕದಲ್ಲಿ ತೊಟ್ಟಿಲ ಕೂಸಲ್ಲ, ಮದುವೆಗೆ ಬಂದ ಮಗ. ಇಬ್ಬರ ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂತೆವು. ಯಲ್ಲಾಪುರದಲ್ಲಿ ಇಳಿಯುವಾಗ ನನ್ನ ಕಾಲು ಜೋಮು ಹಿಡಿದು, ಅಕ್ಕಪಕ್ಕ ಕಾಣದ ಖಾದರ್ ಭಾಯಿಯೇ ನನ್ನನ್ನು ಹಿಡಿದು ಇಳಿಸಬೇಕಾಯಿತು.

ಸಂಜೆ ಜೋಡಿಸಿ ಮುಗಿಸಿದೆ. ಗೋಡೆ ನೋಡಿದೆ, ನಡುಗಲಿಲ್ಲ. ಮೊದಲ ಆಟ ನೀವೇ ಆಡಿ ಎಂದು ಖಾದರ್ ಭಾಯಿಯನ್ನು ಕೂರಿಸಿದೆ. ಅವರು ಒಂದು ನಿಮಿಷ ನೋಡಿ, ಎದ್ದು, ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಎಳೆದರು. ಕೂತು ನೋಡಿದರು. ಮತ್ತೆ ಎಳೆದರು. ಕೋಣೆ ಮುಗಿದು ಕುರ್ಚಿ ಹೊಸ್ತಿಲಿಗೆ ಬಂದಾಗ ಪರದೆಯ ಎರಡೂ ಅಂಚು ಒಟ್ಟಿಗೆ ಅವರ ಕಣ್ಣಿಗೆ ಸಿಕ್ಕವು. "ಹಾಂ, ಈಗ ಪೂರಾ ಬಂತು," ಎಂದರು. ಕೀಬೋರ್ಡಿನ ವೈರು ಅಷ್ಟು ಉದ್ದವಿರಲಿಲ್ಲ. ಜೋಡಿಸುವ ಇನ್ನೊಂದು ವೈರನ್ನು ಗಣಪತಣ್ಣನಿಂದ ತರಿಸಿ, ಮರುವಾರದಿಂದ ಅವರ ಓಟ ಶುರುವಾಯಿತು.

ರೇಸಿನ ಗೇಮನ್ನು ಹಾಗೆ ಆಡಿದವರನ್ನು ನಾನು ಬೇರೆ ಕಂಡಿಲ್ಲ. ತಿರುವು ಬಂದರೆ ನಿಧಾನ. ಹಿಂದಿನ ಕಾರು ಹತ್ತಿರ ಬಂದರೆ ಬದಿಗೆ ಸರಿದು ದಾರಿ ಕೊಡುವುದು. ಎಲ್ಲ ಕಾರುಗಳೂ ಮುಂದೆ ಹೋಗಿ, ರಸ್ತೆ ಖಾಲಿಯಾಗಿ, ಅವರ ಒಂದೇ ಕಾರು ಗುಡ್ಡ ಹತ್ತಿ ಇಳಿದು ಸಮಾಧಾನದಲ್ಲಿ ಬರುತ್ತಿತ್ತು. ಶಮೀಮಕ್ಕ ಹೊಸ್ತಿಲಿನಾಚೆ ಕೂತು ಸೊಪ್ಪು ಸೋಸುತ್ತ ನೋಡುತ್ತಿದ್ದರು. ಮೊದಲ ದಿನ ಕೊನೆಯ ಗೆರೆ ದಾಟಿದ ಮೇಲೆ ಪರದೆಯ ತುಂಬ ಇಂಗ್ಲಿಷಿನಲ್ಲಿ ಏನೋ ಬರೆದು ಬಂತು.

"ಏನಂತೆ ಟೀಚರ್ರೇ?"

"ಎಲ್ಲರಿಗಿಂತ ಕೊನೆಗೆ ಬಂದ್ರಿ ಅಂತಿದೆ ಭಾಯಿ."

"ಬಂದು ಮುಟ್ಟಿದೆ ಅಲ್ವಾ," ಎಂದು ಖಾದರ್ ಭಾಯಿ ಕೀಬೋರ್ಡನ್ನು ಮಡಿಲಿನಿಂದ ತೆಗೆದು ನನ್ನ ಕೈಗೆ ಕೊಟ್ಟರು. "ಸಾಕು."